ಬ್ಯಾಂಕಮ್ಮನ ನಾಲ್ಕು ಸೆಕೆಂಡು

ಮಾರ್ಚ್ ೩, ಸೋಮವಾರ

ಬೇರಿಂಗ್ ಅಂಗಡಿಯವನು ಹೊಸ ವರ್ಷಕ್ಕೆ ಪುಕ್ಕಟೆ ಕೊಟ್ಟ ಡೈರಿ ಇದು. ಎರಡು ತಿಂಗಳ ಹಾಳೆ ಖಾಲಿ ಹೋಗಿದೆ. ಬರೆಯುವಂಥದ್ದು ಬೇಕಾದಷ್ಟಿತ್ತು, ಬರೆಯುವ ಮನಸ್ಸಿರಲಿಲ್ಲ. ಚಿಕ್ಕದಾಗಿ ಹೇಳುವುದಾದರೆ ಅಪ್ಪನ ಗಂಟಲಲ್ಲಿ ಗಂಟು ಸಿಕ್ಕಿತು, ಡಾಕ್ಟರು ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದರು. ಅಪ್ಪ ಉಳಿದ, ಅವನ ಬೈಗುಳ ಹೋಯಿತು. ಮನೆಯಲ್ಲಿ ಎಂಥಾ ಶಾಂತಿ ಅಂದರೆ ಗಡಿಯಾರ ಇದೆ ಅಂತ ನನಗೆ ಗೊತ್ತಾಗಿದ್ದೇ ಆಮೇಲೆ.

ಇವತ್ತು ಬೈಗುಳ ವಾಪಸ್ ಬಂತು.

ಅಕ್ಕ ತನ್ನ ಹಳೇ ಟ್ಯಾಬ್ಲೆಟ್ ತಂದುಕೊಟ್ಟಳು. ಅವಳ ಮಗಳು ಅದರಲ್ಲಿ ಕಾರ್ಟೂನ್ ನೋಡಿ ನೋಡಿ ಸಾಕಾಗಿ ಬಿಟ್ಟಿದ್ದು. ಹಿಂದೆ ಬೆಕ್ಕಿನ ಸ್ಟಿಕ್ಕರ್, ಮುಂದೆ ಮೂಲೆಯಲ್ಲಿ ಬಿರುಕು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಹೇಳಿದ ಆ್ಯಪ್ ಹಾಕಿದ್ದಾಳೆ. ಟೈಪ್ ಮಾಡಿ ಒತ್ತಿದರೆ ಅದು ಗಟ್ಟಿಯಾಗಿ ಓದುತ್ತದೆ.

ಎಲ್ಲರೂ ಸುತ್ತ ಕೂತೆವು. ಎರಡು ತಿಂಗಳ ಮೇಲೆ ಅಪ್ಪನ ಮೊದಲ ಮಾತು. ಅಮ್ಮ ಆಗಲೇ ಸೆರಗು ಕಣ್ಣಿಗೆ ಹಿಡಿದಿದ್ದಳು. ಅಪ್ಪ ಕನ್ನಡಕ ಏರಿಸಿ, ಮೂವತ್ತು ವರ್ಷದ ಗ್ರೀಸು ಉಗುರಲ್ಲಿ ಕೂತ ತೋರುಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದ. ಒತ್ತಿದ. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಒಲೆಯ ಮೇಲೆ ಹಾಲು ಉಕ್ಕಿತು ಅಂತ ಅಮ್ಮ ಎದ್ದು ಓಡಿದಳು. ಆಗ ಮಾತು ಹೊರಗೆ ಬಂತು. ಒಂದು ಒತ್ತಿ, ಎರಡು ಒತ್ತಿ ಅಂತ ಬ್ಯಾಂಕಿನ ಫೋನಿನಲ್ಲಿ ಹೇಳುತ್ತಾಳಲ್ಲ, ಅವಳದೇ ನಯವಾದ ಧ್ವನಿ.

"ಕತ್ತೆ. ಅಂಗಡಿ ಬಾಗ್ಲು ತೆಗ್ದ್ಯಾ."

ಅಮ್ಮ ಒಲೆಯ ಮುಂದೆಯೇ ನಿಂತುಬಿಟ್ಟಳು. ಮೂವತ್ತು ವರ್ಷ ಗಂಡನ ಹತ್ತಿರ ಬೈಸಿಕೊಂಡಿದ್ದೇನೆ, ಈಗ ಈ ಬ್ಯಾಂಕಮ್ಮ ಯಾರು ನನ್ನ ಮಗನಿಗೆ ಬೈಯೋಕೆ ಅಂತ ಕೇಳಿದಳು. ಅವತ್ತಿನಿಂದ, ಅಂದರೆ ಇವತ್ತಿನಿಂದ, ಅವಳ ಹೆಸರು ಬ್ಯಾಂಕಮ್ಮ.

ಮಾರ್ಚ್ ೫, ಬುಧವಾರ

ಬ್ಯಾಂಕಮ್ಮ ಬಾಯಿ ತೆಗೆಯಲು ನಾಲ್ಕು ಸೆಕೆಂಡು ತೆಗೆದುಕೊಳ್ಳುತ್ತಾಳೆ. ಗಡಿಯಾರ ಇಟ್ಟು ನೋಡಿದೆ. "ಹೂಂ" ಅನ್ನಲೂ ನಾಲ್ಕು, ಅರ್ಧ ಪುಟ ಬೈಯಲೂ ನಾಲ್ಕು. ಹಳೇ ಪ್ರೊಸೆಸರ್, ಎದ್ದು ಕೂರಲೇ ಅಷ್ಟು ಹೊತ್ತು ಬೇಕು.

ಇದರ ಅನುಕೂಲ ಇಷ್ಟಿಷ್ಟಲ್ಲ. ಅಪ್ಪ ಒತ್ತುವುದು ಕಂಡ ಕೂಡಲೇ ನಾನು ಜಾಗ ಖಾಲಿ ಮಾಡುತ್ತೇನೆ. ಬೈಗುಳ ಬರುವ ಹೊತ್ತಿಗೆ ಅಲ್ಲಿ ಯಾರಿರುತ್ತಾರೋ ಅದು ಅವರ ಪಾಲು. ನಿನ್ನೆ "ಎಷ್ಟೊತ್ತಿಗೆ ಏಳ್ತೀಯ ಸೋಮಾರಿ" ಅನ್ನುವುದು ಅಮ್ಮನಿಗೆ ಬಿತ್ತು. ಇವತ್ತು "ಮುಖ ತೊಳ್ಕೊಂಡು ಬಾ ಮೊದ್ಲು" ಅನ್ನುವುದು ಪಂಪ್‌ಸೆಟ್ ಶಾಫ್ಟ್ ತಂದ ಗಿರಾಕಿಗೆ ಬಿತ್ತು. ಪಾಪ, ಅವನು ನಿಜವಾಗಿಯೂ ನಲ್ಲಿ ಹುಡುಕಿಕೊಂಡು ಹೋದ.

ನಮ್ಮದು ಲೇತ್ ಅಂಗಡಿ, ಕಬ್ಬಿಣ ತಿರುಗಿಸಿ ಕಡೆಯುವುದು ಕೆಲಸ. ಒಂದು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಒಂದು ಬೆಂಚು, ಅಷ್ಟೇ. ಪಕ್ಕದಲ್ಲಿ ವೆಲ್ಡಿಂಗ್ ಮಾಮನ ಶೆಡ್ಡು. ಅಪ್ಪ ಈಗ ಕುತ್ತಿಗೆಯ ತೂತಿನಿಂದ ಉಸಿರಾಡುತ್ತಾನೆ, ಕಬ್ಬಿಣದ ಧೂಳು ಒಳಗೆ ಹೋಗಬಾರದು. ಅದಕ್ಕೆ ಕುತ್ತಿಗೆಗೆ ತೆಳು ಬಟ್ಟೆ ಕಟ್ಟಿಕೊಂಡು ಬಾಗಿಲ ಹತ್ತಿರ ಸ್ಟೂಲು ಹಾಕಿ ಕೂತಿರುತ್ತಾನೆ. ಮೆಷಿನ್ ನನ್ನ ಕೈಗೆ. ಎಲ್ಲ ಅಪ್ಪ ಹುಷಾರಾಗುವ ತನಕ ಮಾತ್ರ. ಹತ್ತನೇ ಕ್ಲಾಸು ಮುಗಿಸಿದ ಮೇಲೆ ಇಲ್ಲಿಂದ ಮೂರು ಸಲ ಬಿಟ್ಟುಹೋಗಿದ್ದೇನೆ, ಮೂರು ಸಲ ವಾಪಸ್ ಬಂದಿದ್ದೇನೆ. ನಾಲ್ಕನೇದು ಬಾಕಿ ಇದೆ.

ಒಂದು ಸುಖ ಮಾತ್ರ ಒಪ್ಪಿಕೊಳ್ಳಬೇಕು. "ಕೀ" ನಿಂತಿದೆ. ಲೇತಿನ ಮೂತಿಗೆ ಚಕ್ ಅಂತಿರುತ್ತದೆ, ಮೂರು ಹಲ್ಲಿನಿಂದ ಕಬ್ಬಿಣ ಕಚ್ಚಿ ಹಿಡಿದು ಗಿರ್ರನೆ ತಿರುಗುತ್ತದೆ. ಅದನ್ನು ಬಿಗಿ ಮಾಡುವುದು ಚಕ್ ಕೀ, ಗೇಣುದ್ದದ ಕಬ್ಬಿಣದ ಹಿಡಿ. ಬಿಗಿ ಮಾಡಿ ಕೀ ತೆಗೆದು ಆಮೇಲೆ ಸ್ವಿಚ್ ಹಾಕಬೇಕು. ಮರೆತು ಹಾಕಿದರೆ ಕೀ ಕಲ್ಲು ಬೀಸಿದ ಹಾಗೆ ಹಾರುತ್ತದೆ. ಇದು ಎಳೇ ಮಗುವಿಗೂ ಗೊತ್ತು. ಆದರೂ ನನ್ನ ಕೈ ಸ್ವಿಚ್ಚಿನ ಕಡೆ ಹೋದರೆ ಸಾಕು, ಅಪ್ಪ ಬೀದಿಗೆಲ್ಲ ಕೇಳುವ ಹಾಗೆ "ಕೀ" ಅಂತ ಕೂಗುತ್ತಿದ್ದ. ದಿನಕ್ಕೆ ಮೂವತ್ತು ನಲವತ್ತು ಸಲ. ನಾನೂ ಅಷ್ಟೇ ಸಲ "ತೆಗ್ದೆ ತೆಗ್ದೆ, ಬಡ್ಕೋಬೇಡ" ಅನ್ನುತ್ತಿದ್ದೆ. ಆರು ವರ್ಷ ಇದೇ ಹಾಡು. ಈಗ ಕಿವಿಗೆ ರಜೆ.

ಮಾರ್ಚ್ ೯, ಭಾನುವಾರ

ಸುಮ್ಮನೆ ನೋಡಿಕೊಂಡು ಬರೋಣ ಅಂತ ಮೊಬೈಲ್ ಶೋರೂಮಿಗೆ ಹೋಗಿದ್ದೆ. ಒಳಗೆ ಎಷ್ಟು ತಂಪು ಅಂದರೆ ಬೆವರು ಹೊರಗೆ ಬಿಟ್ಟು ಬರಬೇಕು. ಟೈ ಕಟ್ಟಿದ ಒಬ್ಬ ಸೇಲ್ಸ್‌ಮನ್ ಹಿಡಿದುಕೊಂಡ. ಅವನಿಗೆ ಪಂಡಿತ ಅಂತ ಹೆಸರಿಟ್ಟಿದ್ದೇನೆ, ಯಾಕೆಂದರೆ ನಾನು ಕೇಳಿದ್ದೊಂದು, ಅವನು ಪಠಿಸಿದ್ದು ಪೂರ್ತಿ ಅಧ್ಯಾಯ.

ವಿಷಯ ಇಷ್ಟು. ಹೋದ ವರ್ಷದ ಟ್ಯಾಬ್ಲೆಟ್ ಒಂದಿದೆ, ಈ ವರ್ಷದ್ದು ಒಂದಿದೆ. ಎರಡರ ಮೈ ಒಂದೇ, ಪರದೆ ಒಂದೇ, ಬಣ್ಣವೂ ಒಂದೇ. ಒಳಗಿನ ಪ್ರೊಸೆಸರ್ ಮಾತ್ರ ಹೊಸದು. ಅಷ್ಟಕ್ಕೇ ಬೆಲೆ ಜಿಗಿದಿದೆ. ಅಳಿಯನಿಗೆ ಹೊಸ ಅಂಗಿ ಹಾಕಿಸಿ ಹೊಸ ಅಳಿಯ ಅಂದ ಹಾಗಾಯಿತು. ಅಲ್ಲ, ಅಂಗಿ ಹಳೆಯದೇ, ಹೊಸ ಕರುಳು ಹಾಕಿಸಿದ್ದೇವೆ ನೋಡಿ ಅಂದ ಹಾಗೆ.

ಹೊಸ ಚಿಪ್ಪಿನಲ್ಲಿ ಎಂಟು ಕೋರ್ ಇವೆಯಂತೆ. ಎಲ್ಲ ಮೂರು ನ್ಯಾನೋಮೀಟರ್ ಲೆಕ್ಕದ್ದಂತೆ. ನಮ್ಮ ಅಂಗಡಿಯಲ್ಲಿ ಕೂದಲೆಳೆಯ ಹತ್ತನೇ ಒಂದು ಭಾಗ ಹೆಚ್ಚಾದರೆ ಅಪ್ಪ ತುಂಡು ಎತ್ತಿ ಮೂಲೆಗೆ ಎಸೆಯುತ್ತಾನೆ, ಅದಕ್ಕಿಂತ ಚಿಕ್ಕದನ್ನು ಯಾವುದರಲ್ಲಿ ಅಳೆದಿರಿ ಅಂತ ಕೇಳಿದೆ. ಕಂಪನಿಯವರು ಅಳೆದಿದ್ದಾರೆ ಅಂದ. ಗಿರಾಕಿ ತಾನೇ ಅಳೆದುಕೊಂಡು ಬಂದ ಅಳತೆಯನ್ನು ನಂಬಬೇಡ ಅನ್ನುವುದು ಅಪ್ಪನ ಮೊದಲನೇ ಪಾಠ. ಇಲ್ಲಿ ಮಾರುವವನೇ ಅಳೆದಿದ್ದಾನೆ.

ಆ್ಯಪ್ ಎರಡರಲ್ಲೂ ಹಾಕಿಸಿ "ಕತ್ತೆ" ಅಂತ ಬರೆದು ಒತ್ತಿದೆ. ಹಳೆಯ ಮಾದರಿ ಒಂದು ಸೆಕೆಂಡಿಗೆ ಕತ್ತೆ ಅಂದಿತು. ಹೊಸದು ಬೆರಳು ಎತ್ತುವುದರೊಳಗೆ ಕತ್ತೆ ಅಂದಿತು. ನೋಡಿ ಸರ್ ಎಷ್ಟು ಸ್ಮೂತ್ ಅಂತ ಪಂಡಿತ ನನ್ನನ್ನೇ ನೋಡಿ ನಕ್ಕ.

ಮಾರ್ಚ್ ೧೩, ಗುರುವಾರ

ನಾಲ್ಕು ದಿನದಿಂದ ಇದೇ ತಲೆಯಲ್ಲಿ. ವಿಡಿಯೋ ನೋಡಿ ನೋಡಿ ಕಣ್ಣು ಕೆಂಪಾಗಿದೆ. ಒಬ್ಬ ಹೊಸ ಚಿಪ್ ತಗೊಳ್ಳದವನು ಮೂರ್ಖ ಅನ್ನುತ್ತಾನೆ, ಇನ್ನೊಬ್ಬ ತಗೊಂಡವನು ಮೂರ್ಖ ಅನ್ನುತ್ತಾನೆ. ಇಬ್ಬರೂ ಒಂದು ಮಾತಿಗೆ ಒಪ್ಪುತ್ತಾರೆ, ನೋಡುತ್ತಾ ಕೂತವನು ಮೂರ್ಖ.

ನನ್ನ ಹತ್ತಿರ ಬೈಕಿಗೆ ಅಂತ ಎತ್ತಿಟ್ಟ ದುಡ್ಡಿದೆ. ಆ ಬೈಕು ಹತ್ತಿ ಈ ಅಂಗಡಿಯಿಂದ ನಾಲ್ಕನೇ ಸಲ ಹೋಗುವುದು ಅಂತ ಇತ್ತು. ಈಗ ಅದೇ ದುಡ್ಡಿನಲ್ಲಿ ಬೈಗುಳ ಬೇಗ ಬರುವ ಯಂತ್ರ ತರಬೇಕಾ? ತನ್ನ ಬೆನ್ನಿಗೆ ತಾನೇ ಬೆತ್ತ ಆರಿಸಿಕೊಂಡ ಹಾಗೆ. ನಾಲ್ಕು ಸೆಕೆಂಡಿನ ಶಾಂತಿಗೆ ಬೆಲೆ ಕಟ್ಟುವವರು ಯಾರು?

ಆದರೆ ಒಂದು ವಿಷಯ. ಇವತ್ತು ಅಂಗಡಿಯಲ್ಲಿ ಅಪ್ಪನ ಹಳೇ ಗೆಳೆಯ ಒಬ್ಬ ಬಂದಿದ್ದ, ಸ್ಪ್ರಿಂಗ್ ಮಾಡುವವನು. ಅವನು ಒಂದು ಜೋಕು ಹೇಳಿದ. ಅಪ್ಪ ಅದಕ್ಕೆ ಉತ್ತರ ಕುಟ್ಟಿದ. ಚಕ್ರ ತಿರುಗುವಷ್ಟರಲ್ಲಿ ಗೆಳೆಯ ಸೊಸೆಯ ಆಸ್ಪತ್ರೆಯ ಕಥೆ ಶುರು ಮಾಡಿದ್ದ. ಆಗ ಬ್ಯಾಂಕಮ್ಮ ಜೋಕಿನ ಉತ್ತರ ಹೇಳಿದಳು. ಗೆಳೆಯನ ಮುಖ ಒಂಥರಾ ಆಯಿತು, ಬೇಗ ಎದ್ದು ಹೋದ. ಅಪ್ಪ ಟ್ಯಾಬ್ಲೆಟ್ಟನ್ನು ಮಗುಚಿ ಇಟ್ಟು ಸಂಜೆತನಕ ಬೆಕ್ಕಿನ ಸ್ಟಿಕ್ಕರ್ ನೋಡುತ್ತಾ ಕೂತ.

ಒಂದು ಸೆಕೆಂಡಿನದು ಸಾಕಾಗುತ್ತದಾ, ಬೆರಳು ಎತ್ತುವುದರೊಳಗಿನದು ಬೇಕಾ? ಜೋಕಿಗೆ ಎಷ್ಟು ಕೋರ್ ಬೇಕು ಅಂತ ಯಾವ ವಿಡಿಯೋದಲ್ಲೂ ಹೇಳಿಲ್ಲ.

ಮಾರ್ಚ್ ೧೫, ಶನಿವಾರ

ಇವತ್ತು ಕೀ ಹಾರಿತು. ಟ್ಯೂಬ್‌ಲೈಟ್ ಹೋಯಿತು. ಬೇರೇನಿಲ್ಲ.

ಮಾರ್ಚ್ ೧೬, ಭಾನುವಾರ

ನಿನ್ನೆ ಬರೆದದ್ದು ಪೂರ್ತಿ ಅಲ್ಲ. ನನ್ನ ಡೈರಿಗೇ ನಾನು ಸುಳ್ಳು ಹೇಳುತ್ತೇನೆ ಅಂದರೆ ಎಂಥಾ ಪ್ರಚಂಡ ನಾನು.

ಟ್ರ್ಯಾಕ್ಟರಿನ ಬುಷ್, ಅಂದರೆ ದಪ್ಪ ಲೋಹದ ಬಳೆ, ಒಂದನ್ನು ಚಕ್ಕಿಗೆ ಕಟ್ಟಿದೆ, ಬಿಗಿ ಮಾಡಿದೆ. ತಲೆಯಲ್ಲಿ ಎಂಟು ಕೋರ್ ಓಡುತ್ತಿತ್ತು. ಕೈ ಸ್ವಿಚ್ಚಿಗೆ ಹೋಯಿತು. ಒಂದು ಟಣ್, ಮೇಲೆ ಗಾಜು ಒಡೆದ ಸದ್ದು, ಹಿಂದೆ ಇನ್ನೊಂದು ಟಣ್. ಸ್ವಿಚ್ ಆರಿಸಿ ತಿರುಗಿದರೆ ಅಪ್ಪ ಸ್ಟೂಲಿನ ಮೇಲೆ ಹಾಗೇ ಕೂತಿದ್ದಾನೆ, ಬೆರಳು ಪರದೆಯ ಮೇಲಿದೆ. ಅವನ ನೆತ್ತಿಯಿಂದ ಒಂದು ಗೇಣು ಮೇಲೆ ಬಾಗಿಲ ತಗಡು ಒಳಗೆ ಹೋಗಿದೆ. ಕೀ ಕೆಳಗೆ ಬಿದ್ದು ಇನ್ನೂ ಸುತ್ತುತ್ತಿತ್ತು.

ಮೋಟಾರು ಪೂರ್ತಿ ನಿಂತಿತು. ಎಲ್ಲ ಸುಮ್ಮನಾಯಿತು. ಆಗ ಬ್ಯಾಂಕಮ್ಮ ತುಂಬಾ ಮರ್ಯಾದೆಯಿಂದ ಹೇಳಿದಳು.

"ಕೀ."

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇದು ದಿಡ್ಡಿ ಬಾಗಿಲಿಗೆ ಬಣ್ಣ ಬಳಿದ ಹಾಗೆ.

ವೆಲ್ಡಿಂಗ್ ಮಾಮ ಓಡಿ ಬಂದ. ತಗಡು ನೋಡಿದ, ಅಪ್ಪನ ತಲೆ ನೋಡಿದ, ನನ್ನ ಮುಖ ನೋಡಿದ. ಏನೂ ಬೈಯಲಿಲ್ಲ, ಅದೇ ನನಗೆ ಬೈಗುಳ. ಇವತ್ತು ಬೆಳಿಗ್ಗೆ ಎಲ್ಲಿಂದಲೋ ಒಂದು ಹಿತ್ತಾಳೆ ಗಂಟೆ ತಂದು ಅಪ್ಪನ ಸ್ಟೂಲಿನ ಪಕ್ಕ ನೇತುಹಾಕಿದ. ಅಪ್ಪ ಅದನ್ನೇ ದುರುಗುಟ್ಟಿ ನೋಡಿ, ಕನ್ನಡಕ ಏರಿಸಿ ಕುಟ್ಟಿದ. ನಾವಿಬ್ಬರೂ ಕಾದೆವು. ಗಂಟೆ ಹೊಡೆಯೋಕೆ ನಾನೇನು ಸ್ಕೂಲ್ ಪ್ಯೂನಾ ಅಂತ ಬ್ಯಾಂಕಮ್ಮ ಕೇಳಿದಳು. ಆದರೂ ಒಂದು ಸಲ ಬಾರಿಸಿ ನೋಡಿದೆವು. ಪಕ್ಕದ ಶೆಡ್ಡಿನಲ್ಲಿ ಮಾಮನ ಸುತ್ತಿಗೆ ನಡೆದಿತ್ತು, ನನಗೆ ಯಾವುದು ಗಂಟೆ ಯಾವುದು ಸುತ್ತಿಗೆ ಗೊತ್ತಾಗಲಿಲ್ಲ. ಕಬ್ಬಿಣದ ಬೀದಿಯಲ್ಲಿ ಟಣ್ ಅಂದರೆ ಯಾರು ತಿರುಗಿ ನೋಡುತ್ತಾರೆ?

ತೀರ್ಮಾನ ಆಯಿತು. ಹೊಸ ಪ್ರೊಸೆಸರಿನದೇ ತಗೊಳ್ಳುವುದು. ಹೋದ ವರ್ಷದ್ದಲ್ಲ, ಈ ವರ್ಷದ್ದು. ಬೈಕು ಹಾಳಾಗಿ ಹೋಗಲಿ. ಪಂಡಿತನಿಗೆ ಫೋನ್ ಮಾಡಿ ಹೇಳಿದೆ. ಹಳೆಯದು ತಂದರೆ ಒಂದಿಷ್ಟು ಇಳಿಸಿಕೊಡುತ್ತಾನಂತೆ, ಒಳಗಿನದೆಲ್ಲ ಅಳಿಸಿ ತರಬೇಕಂತೆ. ಆಮೇಲೆ ಧ್ವನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. ಅವನ ಅಂಗಡಿಯಲ್ಲಿ ಒಬ್ಬ ಹುಡುಗ ಕೆಲಸ ಬಿಟ್ಟಿದ್ದಾನೆ. ಚಿಪ್ಪಿನ ವಿಷಯ ನನಗೆ ಅವನಿಗಿಂತ ಹೆಚ್ಚು ಗೊತ್ತಂತೆ, ಒಂದನೇ ತಾರೀಖಿನಿಂದ ಬಂದುಬಿಡಿ ಬ್ರದರ್ ಅಂದ. ತಂಪು ರೂಮು, ಟೈ, ಕೈಗೆ ಗ್ರೀಸಿಲ್ಲ. ಬರುತ್ತೇನೆ ಅಂದಿದ್ದೇನೆ. ಹೊಸ ಟ್ಯಾಬ್ಲೆಟ್ ಬಂದರೆ ಅಪ್ಪ ಬೇರೆ ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಂಡು ಕೂಗಿಕೊಳ್ಳಬಹುದು.

ಮಾರ್ಚ್ ೧೮, ಮಂಗಳವಾರ

ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಟ್ಯಾಬ್ಲೆಟ್ ಖಾಲಿ ಮಾಡಲು ಕೂತೆ. ಕಾರ್ಟೂನು ಅಳಿಸಿದೆ. ಬಣ್ಣ ತುಂಬುವ ಆಟ ಅಳಿಸಿದೆ. ಆಮೇಲೆ ಮಾತಿನ ಆ್ಯಪ್.

ಅದರಲ್ಲಿ ಒಂದು ಪಟ್ಟಿ ಇರುತ್ತದೆ. ಹೇಳಿದ ಮಾತನ್ನೆಲ್ಲ ಅದು ಜೋಡಿಸಿ ಇಡುತ್ತದೆ, ಪದೇ ಪದೇ ಹೇಳುವುದನ್ನು ಮೇಲೆ ತಂದು ಬಟನ್ ಮಾಡುತ್ತದೆ, ಮತ್ತೆ ಕುಟ್ಟುವುದು ಬೇಡ ಅಂತ. ಪಕ್ಕದಲ್ಲಿ ಎಷ್ಟು ಸಲ ಅಂತ ಲೆಕ್ಕ.

"ಕತ್ತೆ" ಮೊದಲನೇದು ಇರುತ್ತದೆ ಅಂತ ಪಂತ ಕಟ್ಟಿಕೊಂಡೇ ನೋಡಿದೆ. ಕತ್ತೆ ನಲವತ್ತೊಂದು ಸಲ, ಎರಡನೇ ಜಾಗ. "ಊಟ ಆಯ್ತಾ" ಇಪ್ಪತ್ತಾರು ಸಲ, ಅದು ಯಾರಿಗೆ ಕೇಳಿದ್ದೋ ಗೊತ್ತಿಲ್ಲ, ನನಗೆ ಒಂದು ಸಲವೂ ಕೇಳಿಲ್ಲ. ನಾನು ಅಷ್ಟು ಹೊತ್ತಿಗೆ ಎದ್ದು ಹೋಗಿರುತ್ತೇನೆ.

ಮೊದಲನೇದು "ಕೀ". ಮುನ್ನೂರ ಎಂಬತ್ತೆಂಟು ಸಲ.

ಅಂಗಡಿಗೆ ಟ್ಯಾಬ್ಲೆಟ್ ಬಂದು ಎರಡು ವಾರ. ದಿನಕ್ಕೆ ಮೂವತ್ತು ಸಲ ಮೆಷಿನ್ ಶುರು ಮಾಡಿದರೆ ಎಷ್ಟಾಗುತ್ತದೆ ಅಂತ ಗುಣಿಸಿ ನೋಡಿದೆ, ಹೆಚ್ಚು ಕಡಿಮೆ ಸರಿ ಹೋಗುತ್ತದೆ. ಒಂದು ಸಲವೂ ಬಿಟ್ಟಿಲ್ಲ. ನಾನು ಸ್ವಿಚ್ ಹಾಕಿದ್ದೇನೆ, ಮೋಟಾರು ಗುಡುಗಿದೆ, ಅದರ ಸದ್ದಿನಲ್ಲಿ ಬ್ಯಾಂಕಮ್ಮ ಮೆಲ್ಲಗೆ ಕೀ ಅಂದಿದ್ದಾಳೆ. ನಾನು ಕೇಳಿಸಿಕೊಂಡಿದ್ದು ಮುನ್ನೂರ ಎಂಬತ್ತೆಂಟರಲ್ಲಿ ಒಂದು.

ಬ್ಯಾಟರಿ ಯಾಕೆ ಅಷ್ಟು ಬೇಗ ಖಾಲಿಯಾಗುತ್ತದೆ ಅಂತ ಈಗ ಗೊತ್ತಾಯಿತು.

ಪಟ್ಟಿ ಅಳಿಸಲಿಲ್ಲ. ಅಪ್ಪ ಸ್ನಾನ ಮುಗಿಸಿ ಬಂದುಬಿಟ್ಟ, ಅದಕ್ಕೆ.

ಮಾರ್ಚ್ ೨೦, ಗುರುವಾರ

ಅಪ್ಪನನ್ನು ಕರೆದುಕೊಂಡು ಶೋರೂಮಿಗೆ ಹೋದೆ. ಒಗೆದ ಅಂಗಿ ಹಾಕಿಕೊಂಡಿದ್ದ. ಕುತ್ತಿಗೆಯ ಬಟ್ಟೆಯನ್ನು ಅಮ್ಮ ಇಸ್ತ್ರಿ ಮಾಡಿದ್ದಳು. ಪಂಡಿತ ಕುರ್ಚಿ ಎಳೆದು, ಬನ್ನಿ ಅಂಕಲ್ ಅಂತ ಪೂರ್ತಿ ಅಧ್ಯಾಯ ಮತ್ತೆ ಪಠಿಸಿದ. ಅಪ್ಪ ಕೋರಿನ ಬಗ್ಗೆ ಏನೂ ಕೇಳಲಿಲ್ಲ, ಟ್ಯಾಬ್ಲೆಟ್ಟಿನ ಅಂಚನ್ನು ಉಗುರಿನಿಂದ ಸವರಿ ನೋಡಿದ. ಫಿನಿಶಿಂಗ್ ಚೆನ್ನಾಗಿದೆ ಅನ್ನುವ ಹಾಗೆ ತಲೆ ಆಡಿಸಿದ.

ನಾನು ಅಂದೆ, ಇಲ್ಲೇ ಪರೀಕ್ಷೆ ಮಾಡೋಣ. ಅಪ್ಪ ಕುರ್ಚಿಯಲ್ಲಿ ಕೂರಲಿ, ನಾನು ಲೇತಿನ ಮುಂದೆ ನಿಂತ ಹಾಗೆ ಕೌಂಟರಿನ ಮುಂದೆ ನಿಲ್ಲುತ್ತೇನೆ, ಕೈ ಎತ್ತಿ ಸ್ವಿಚ್ ಹಾಕಿದ ಹಾಗೆ ಮಾಡುತ್ತೇನೆ, ಅಪ್ಪ ಕೀ ಅನ್ನಲಿ. ಪಂಡಿತ ಫೋನಿನಲ್ಲಿ ಸೆಕೆಂಡು ಹಿಡಿಯಲಿ. ಕೀ ಅನ್ನುವ ಬಟನ್ ನಾನೇ ಕುಟ್ಟಿ ಮಾಡಿಟ್ಟೆ. ಟೈ ಕಟ್ಟಿದ ಮಿಕ್ಕ ಹುಡುಗರೂ ಬಂದು ನಿಂತರು. ಬಿಟ್ಟಿ ನಾಟಕ ಯಾರಿಗೆ ಬೇಡ.

ನಾನು ಕೈ ಎತ್ತಿದೆ. ಅಪ್ಪ ಕನ್ನಡಕ ಏರಿಸಿದ. ಬೆರಳು ಅಂಗಿಗೆ ಒರೆಸಿಕೊಂಡ, ಗ್ರೀಸಿಲ್ಲದಿದ್ದರೂ ಅಭ್ಯಾಸ. ಒತ್ತಿದ. ಏನೂ ಆಗಲಿಲ್ಲ. ಮೂವತ್ತು ವರ್ಷ ಕಬ್ಬಿಣ ಹಿಡಿದು ಒರಟಾದ ಬೆರಳು ಅದು, ಗಾಜಿಗೆ ಅದು ಬೆರಳು ಅಂತಲೇ ಅನ್ನಿಸಲಿಲ್ಲ. ಮತ್ತೆ ಒತ್ತಿದ. ಮೂರನೇ ಸಲಕ್ಕೆ ಹೊಸ ಬ್ಯಾಂಕಮ್ಮ ಥಟ್ಟನೆ ಕೀ ಅಂದಳು.

ಏಳು ಸೆಕೆಂಡು. ಅದರಲ್ಲಿ ಪ್ರೊಸೆಸರಿನ ಪಾಲು ಅರ್ಧ ಸೆಕೆಂಡೂ ಇಲ್ಲ.

ಇನ್ನೊಂದು ಸಲ ಮಾಡಿದೆವು, ಆರು. ಮತ್ತೊಂದು ಸಲ, ಎಂಟು. ಸ್ವಿಚ್ ಹಾಕಿದ ಮೇಲೆ ಕೀ ಹಾರಲು ಒಂದು ಸೆಕೆಂಡೂ ಬೇಡ. ಪಂಡಿತ ಕೂಡಲೇ ಮಾತು ಶುರು ಮಾಡಿದ, ಇದಕ್ಕಿಂತ ಮೇಲಿನದು ಪ್ರೋ ಮಾಡೆಲ್ ಒಂದಿದೆ ಅಂತ. ಪ್ರೋ ಅಲ್ಲ, ಪ್ರೋನ ಅಪ್ಪ ಬಂದರೂ ನನ್ನ ಅಪ್ಪನ ಕನ್ನಡಕ ಮೂಗಿಗೆ ಏರಬೇಕಲ್ಲ ಅಂತ ನಾನಂದೆ.

ಅಷ್ಟರಲ್ಲಿ ಅಪ್ಪ ತಲೆ ಬಗ್ಗಿಸಿ ಕುಟ್ಟುತ್ತಿದ್ದ. ತುಂಬ ಹೊತ್ತು ಕುಟ್ಟಿದ. ಆಮೇಲೆ ಒತ್ತಿದ. ಹೊಸ ಪ್ರೊಸೆಸರ್ ಎಷ್ಟು ವೇಗ ಅಂದರೆ, ಏನು ಬರುತ್ತದೋ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಲೂ ಸಮಯ ಕೊಡಲಿಲ್ಲ.

"ಬೇಡ ಮಗ. ತಡ ಅದರದ್ದಲ್ಲ. ನಂದು."

ಟೈ ಕಟ್ಟಿದ ಹುಡುಗರು ಬೇರೆ ಬೇರೆ ಕಡೆ ನೋಡಿದರು. ಅಪ್ಪ ಟ್ಯಾಬ್ಲೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಪಂಡಿತನಿಗೆ ವಾಪಸ್ ಕೊಟ್ಟ.

ಬಸ್ಸಿನಲ್ಲಿ ನಾನಾದರೂ ಏನಾದರೂ ಹೇಳಬಹುದಿತ್ತು, ನನ್ನ ಗಂಟಲಿಗೇನಾಗಿತ್ತು.

ಮಾರ್ಚ್ ೨೧, ಶುಕ್ರವಾರ

ಬೆಳಿಗ್ಗೆ ಅಂಗಡಿಗೆ ಹೋದರೆ ಬಾಗಿಲ ಹತ್ತಿರ ಸ್ಟೂಲಿಲ್ಲ. ಅಪ್ಪ ಬರಲಿಲ್ಲ. ಮನೆಯಲ್ಲೇ ಇರುತ್ತೇನೆ ಅಂದನಂತೆ, ಅಂಗಡಿ ನೀನೇ ನೋಡಿಕೊ ಅಂದನಂತೆ, ಅಮ್ಮ ಹೇಳಿದಳು. ಸ್ಟೂಲನ್ನು ಆಗಲೇ ವೆಲ್ಡಿಂಗ್ ಮಾಮನಿಗೆ ಕೊಡಿಸಿಬಿಟ್ಟಿದ್ದಾನಂತೆ.

ನನಗೆ ಬೇಕಾಗಿದ್ದೂ ಇದೇ ತಾನೇ. ಬಾಗಿಲಲ್ಲಿ ಪೊಲೀಸು ಇಲ್ಲ, ಇಡೀ ಅಂಗಡಿಗೆ ನಾನೇ ರಾಜ. ಒಂದು ಪುಲ್ಲಿ ಕಟ್ಟಿದೆ, ಬಿಗಿ ಮಾಡಿದೆ, ಕೈ ಸ್ವಿಚ್ಚಿಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಯಾರೋ ಏನೋ ಹೇಳಬೇಕಿತ್ತು, ಹೇಳಲಿಲ್ಲ, ಅದಕ್ಕೆ ನಿಂತಿತು. ಸುಮ್ಮನೆ ಎಷ್ಟು ಹೊತ್ತು ನಿಂತಿರುವುದು?

"ಕೀ" ಅಂದೆ.

ನನ್ನ ಬಾಯಿಂದಲೇ. ಗಟ್ಟಿಯಾಗಿ. ಅಪ್ಪ ಕೂಗುತ್ತಿದ್ದ ಹಾಗೇ ಕೊನೆಯಲ್ಲಿ ಸ್ವಲ್ಪ ಎಳೆದು. ಪಕ್ಕದ ಶೆಡ್ಡಿನಲ್ಲಿ ಸುತ್ತಿಗೆ ನಿಂತುಹೋಯಿತು. ಮಾಮ ಬಾಗಿಲಿಗೆ ಬಂದು ಇಣುಕಿದ. ಮುಖದಲ್ಲಿ ರಕ್ತ ಇರಲಿಲ್ಲ. ಅಂಗಡಿಯಲ್ಲಿ ನಾನೊಬ್ಬನೇ ಇರುವುದು ನೋಡಿ ಗೋಡೆ ಹಿಡಿದುಕೊಂಡ.

"ಅಳಿಯಾ, ಇನ್ನೊಂದ್ಸಲ ಹಂಗೆ ಕೂಗೋದಾದ್ರೆ ಮುಂಚೆ ಹೇಳು. ನಿಮ್ಮಪ್ಪಂಗೆ ಗಂಟ್ಲು ವಾಪಸ್ ಬಂತು ಅನ್ಕೊಂಡೆ."

ಇನ್ನೊಂದು ಸಲ ಅಲ್ಲ, ಸಂಜೆತನಕ ಇಪ್ಪತ್ತೆಂಟು ಸಲ ಕೂಗಿದೆ. ಹುಚ್ಚು ಹಿಡಿದಿದೆ ಅಂತ ಬೀದಿಯವರು ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ಮಧ್ಯಾಹ್ನ ಊಟಕ್ಕೆ ಹೋದವನು ಮನೆಯ ಬಾಗಿಲಲ್ಲೇ ಕೇಳಿದೆ, ಪುಲ್ಲಿಗೆ ಎಷ್ಟು ಬಿಗಿ ಕೊಡಬೇಕು, ನನಗೆ ಸರಿಯಾಗಿ ಗೊತ್ತಾಗುತ್ತಿಲ್ಲ ಅಂತ. ನನಗೆ ಗೊತ್ತಿತ್ತು. ಅಪ್ಪ ಕನ್ನಡಕ ಏರಿಸಿ ಕುಟ್ಟಿದ. ಚಕ್ರ ತಿರುಗುವ ತನಕ ಅಲ್ಲೇ ನಿಂತಿದ್ದೆ, ಕಾಲಿಗೆ ಚಪ್ಪಲಿ ಹಾಕಿಕೊಂಡೇ. ಕತ್ತೆ, ಆರು ವರ್ಷದಿಂದ ಏನು ಕಲಿತೆ ಅಂದಳು ಬ್ಯಾಂಕಮ್ಮ. ಪೂರ್ತಿ ಕೇಳಿಸಿಕೊಂಡೆ. ಮುಂದೆ ಇನ್ನೇನಾದರೂ ಇದೆಯಾ ಅಂತಲೂ ಕಾದೆ.

ಮಾರ್ಚ್ ೨೮, ಶುಕ್ರವಾರ

ಅಂಗಡಿಯಲ್ಲಿ ಕೆಲಸ ಇಲ್ಲದ ಹೊತ್ತಿನಲ್ಲಿ ಒಂದು ಸ್ಟ್ಯಾಂಡ್ ಮಾಡಿದೆ. ಕೆಳಗೆ ಭಾರದ ತಟ್ಟೆ, ನಡುವೆ ಕೊಳವೆ, ಮೇಲೆ ಟ್ಯಾಬ್ಲೆಟ್ ಕೂರುವ ಹಿಡಿ, ಎತ್ತರ ಬೇಕಾದ ಹಾಗೆ ಏರಿಸಲು ಒಂದು ಸ್ಕ್ರೂ. ಸ್ಕ್ರೂವಿನ ಎಳೆ ಎರಡು ಸಲ ಕೆಟ್ಟಿತು, ಎರಡು ತುಂಡು ಮೂಲೆಗೆ ಎಸೆದೆ. ಯಾರೂ ಎಸೆ ಅನ್ನಲಿಲ್ಲ, ನೋಡಿದರೆ ಎಸೆಯಬೇಕು ಅನ್ನಿಸಿತು. ಅಪ್ಪ ಪರದೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕತ್ತು ಬಗ್ಗಿಸಿದರೆ ಉಸಿರಿಗೆ ಕಷ್ಟ, ಅದಕ್ಕೆ. ಪಕ್ಕದಲ್ಲಿ ಬೆರಳು ಒರೆಸಲು ಒಂದು ಬಟ್ಟೆ ಸಿಕ್ಕಿಸುವ ಕೊಂಡಿಯನ್ನೂ ಇಟ್ಟೆ.

ಮನೆಗೆ ತಂದು ಮುಂದೆ ಇಟ್ಟೆ. ಅಪ್ಪ ಒಳಗೆ ಹೋಗಿ ವರ್ನಿಯರ್ ತಂದ. ಟ್ಯಾಬ್ಲೆಟ್ ಸ್ಟ್ಯಾಂಡನ್ನು ಹತ್ತು ಕಡೆ ಅಳೆದ ಭೂಪ ಈ ಜಗತ್ತಿನಲ್ಲಿ ಇವನೊಬ್ಬನೇ. ಸ್ಕ್ರೂ ಏರಿಸಿದ, ಇಳಿಸಿದ, ಕಿವಿ ಹತ್ತಿರ ಹಿಡಿದು ತಿರುಗಿಸಿದ. ಆಮೇಲೆ ಕುಟ್ಟಿದ.

"ಪರವಾಗಿಲ್ಲ."

ಆರು ವರ್ಷದಲ್ಲಿ ಇದು ಎರಡನೇ ಸಲ. ಮೊದಲನೇದು ಅಮ್ಮ ಮಾಡಿದ ಉಪ್ಪಿಟ್ಟಿಗೋ ಏನಕ್ಕೋ ಅಂದಿದ್ದು, ನನಗಲ್ಲ.

ಸ್ಟ್ಯಾಂಡು ಭಾರ ಇದೆ, ಮನೆಯಲ್ಲಿ ಅಡ್ಡ ಆಗುತ್ತದೆ, ಅಂಗಡಿಯಲ್ಲೇ ಇರಲಿ ಅಂತ ನಾನಂದೆ. ಅಪ್ಪ ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ. ವೆಲ್ಡಿಂಗ್ ಮಾಮನಿಂದ ಸ್ಟೂಲು ವಾಪಸ್ ತರಬೇಕು.

ಏಪ್ರಿಲ್ ೪, ಶುಕ್ರವಾರ

ಪಂಡಿತ ಫೋನ್ ಮಾಡಿದ್ದ. ಒಂದನೇ ತಾರೀಖು ಬರುತ್ತೀನಿ ಅಂದವರು ಬರಲೇ ಇಲ್ಲವಲ್ಲ ಬ್ರದರ್ ಅಂದ. ಹೌದಲ್ಲ. ಒಂದನೇ ತಾರೀಖು ಬಂದು ಹೋಗಿ ಮೂರು ದಿನ ಆಗಿದೆ. ಅವತ್ತು ಬಸ್ಸಿನ ಶಾಫ್ಟ್ ಬಂದಿತ್ತು, ನೆನಪೇ ಆಗಲಿಲ್ಲ. ಹೋಗಲಿ, ಪ್ರೊಸೆಸರ್ ಅಪ್‌ಗ್ರೇಡ್ ಏನಾಯಿತು ಅಂತ ಕೇಳಿದ. ನಮ್ಮದು ನಾಲ್ಕು ಸೆಕೆಂಡು ತಗೊಳ್ಳುತ್ತದೆ, ನಿಮ್ಮಲ್ಲಿ ಇದಕ್ಕಿಂತ ನಿಧಾನದ್ದು ಬಂದರೆ ಹೇಳಿ ಅಂದೆ. ಅವನು ಜೋಕು ಅಂದುಕೊಂಡು ನಕ್ಕ. ಅವನ ತಂಪು ರೂಮಿನಲ್ಲಿ ಅದು ಜೋಕೇ.

ವಿಷಯ ಏನೆಂದರೆ, ಸೋಮವಾರದಿಂದ ಅಪ್ಪ ಸ್ಟೂಲಿನ ಮೇಲೆ ವಾಪಸ್ ಕೂತಿದ್ದಾನೆ. ಸ್ಟೂಲನ್ನು ತಗಡು ಒಳಗೆ ಹೋದ ಜಾಗದಿಂದ ಎರಡು ಮಾರು ಈಚೆಗೆ ಹಾಕಿದ್ದೇನೆ. ಮುಂದೆ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಬೆಕ್ಕಿನ ಸ್ಟಿಕ್ಕರಿನ ಟ್ಯಾಬ್ಲೆಟ್ಟು. ಕೂಗುವುದು ನಾನು. ಮೊದಲ ದಿನ ಅಪ್ಪ ಸುಮ್ಮನೆ ಕೇಳಿಸಿಕೊಂಡ. ಎರಡನೇ ದಿನ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ.

ಇವತ್ತು ಬೆಳಿಗ್ಗೆ ದೊಡ್ಡ ಬುಷ್ ಕಟ್ಟಿ ಬಿಗಿ ಮಾಡಿದೆ. "ಕೀ" ಅಂತ ಕೂಗಿದೆ. ಕೂಗಿ ಸ್ವಿಚ್ಚಿಗೆ ಕೈ ಹಾಕಿದರೆ ಹಿಂದೆ ಅಪ್ಪನ ಬೆರಳು ಗಾಜಿಗೆ ಟಕ್ ಅಂದದ್ದು ಕೇಳಿತು. ಏನೋ ಒತ್ತಿದ್ದಾನೆ. ಏನು ಹೇಳುತ್ತಾನೋ ಕೇಳಿಯೇ ಹಾಕೋಣ ಅಂತ ನಿಂತೆ. ಚಕ್ರ ತಿರುಗುತ್ತಿತ್ತು. ನಾಲ್ಕು ಸೆಕೆಂಡು ಸುಮ್ಮನೆ ಏನು ನೋಡುವುದು, ಚಕ್ ನೋಡಿದೆ.

ಕೀ ಅದರಲ್ಲೇ ಇತ್ತು.

ಬಾಯಿ ಕೂಗಿತ್ತು, ಕೈ ತೆಗೆದಿರಲಿಲ್ಲ. ಬಾಯಿಗೂ ಕೈಗೂ ನಡುವೆ ಯಾವ ಪ್ರೊಸೆಸರ್ ಇದೆಯೋ, ಅದರ ಅಪ್‌ಗ್ರೇಡ್ ಯಾವ ಶೋರೂಮಿನಲ್ಲೂ ಬಂದಿಲ್ಲ. ಕೀ ಎಳೆದು ಬೆಂಚಿನ ಮೇಲೆ ಇಟ್ಟೆ. ಇಟ್ಟ ಸದ್ದಾಗುವುದಕ್ಕೂ ಬ್ಯಾಂಕಮ್ಮ ಬಾಯಿ ತೆಗೆಯುವುದಕ್ಕೂ ಸರಿಹೋಯಿತು. ಅದೇ ಬ್ಯಾಂಕಿನ ಮರ್ಯಾದೆ, ಅದೇ ನಯ.

"ತೆಗ್ದೆ ತೆಗ್ದೆ. ಬಡ್ಕೋಬೇಡ."

ತಿರುಗಿ ನೋಡಿದೆ. ಅಪ್ಪ ಮುಖ ಗಂಭೀರ ಮಾಡಿಕೊಂಡು ಬೀದಿ ನೋಡುತ್ತಿದ್ದ. ನಕ್ಕರೆ ಈಗ ಅವನಿಗೆ ಸದ್ದು ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಭುಜ ಕುಣಿಯುತ್ತಿತ್ತು.

ಸ್ವಿಚ್ ಹಾಕಿದೆ.

ನಾಳೆ ಗಿರಣಿಯವರ ರೋಲರು ಬರುತ್ತದೆ, ಬೇಗ ಏಳಬೇಕು. ಬ್ಯಾಂಕಮ್ಮನನ್ನು ಚಾರ್ಜಿಗೆ ಹಾಕುವುದು ಮರೆಯಬಾರದು.